ಚಿಲಕವಿಲ್ಲದ ಬಾಗಿಲುಗಳು

ನಾನು ಐದನೇ ಕ್ಲಾಸು ಮುಗಿಸಿ ಆರನೆಯದಕ್ಕೆ ಹೋಗಬೇಕಾಗಿದ್ದ ಬೇಸಿಗೆಯಲ್ಲಿ ನಮ್ಮಪ್ಪ ಹೊಲಿಯುವುದನ್ನು ನಿಲ್ಲಿಸಿದ. ತಿ. ನರಸೀಪುರದ ಪೇಟೆ ಬೀದಿಗೆ ಅಂಟಿಕೊಂಡ ಗಲ್ಲಿಯೊಂದರಲ್ಲಿ ನಮ್ಮ ಮನೆ. ಮುಂದಿನ ಕೋಣೆಯೇ ಅಪ್ಪನ ಟೈಲರ್ ಅಂಗಡಿ. ಅದರ ಹಿಂದೆ ನಾವು ಮೂವರೂ ಮಲಗುತ್ತಿದ್ದ ನಡುಮನೆ, ಆಮೇಲೆ ಅಡುಗೆಮನೆ, ಹಿತ್ತಲಲ್ಲಿ ಹಂಡೆ ಹೂತ ಬಚ್ಚಲು. ಅಂಗಡಿಗೂ ನಡುಮನೆಗೂ ನಡುವೆ ಬಾಗಿಲಿರಲಿಲ್ಲ, ಗಿರಾಕಿಯೊಬ್ಬರು ವಾಪಸು ಕೇಳದೆ ಬಿಟ್ಟುಹೋಗಿದ್ದ ಹೂವಿನ ಬಟ್ಟೆಯ ಪರದೆ ಇತ್ತು. ಅಪ್ಪನ ಮಿಷನ್ನಿನ ಸದ್ದು ಆ ಪರದೆ ದಾಟಿಕೊಂಡು ಇಡೀ ಮನೆಯಲ್ಲಿ ತುಂಬಿರುತ್ತಿತ್ತು. ನಾನು ಮಗ್ಗಿ ಕಲಿತದ್ದು, ಉಂಡದ್ದು, ಜ್ವರ ಬಂದು ಮಲಗಿದ್ದು ಎಲ್ಲವೂ ಆ ಸದ್ದಿನೊಳಗೇ. ಹಾಗೊಂದು ಸದ್ದು ಮನೆಯಲ್ಲಿ ಇತ್ತು ಅನ್ನುವುದು ಅದು ನಿಂತ ಮೇಲೆ ನನಗೆ ಗೊತ್ತಾಯಿತು.

ಅಪ್ಪನ ಹೆಸರು ನಂಜುಂಡಪ್ಪ. ಊರವರಿಗೆ ಯೂನಿಫಾರಂ ನಂಜುಂಡಪ್ಪ. ಬೇಸಿಗೆ ರಜ ಶುರುವಾಯಿತೆಂದರೆ ಸುತ್ತಲಿನ ನಾಲ್ಕಾರು ಸ್ಕೂಲಿನ ಮಕ್ಕಳ ಅಳತೆಗಳು ನಮ್ಮ ಅಂಗಡಿಗೆ ಬರುತ್ತಿದ್ದವು. ನೀಲಿ ಬಟ್ಟೆ, ಬಿಳಿ ಬಟ್ಟೆ ಥಾನುಗಟ್ಟಲೆ ಬಂದು ಗೋಡೆಗೆ ಒರಗಿ ಕೂರುತ್ತಿದ್ದವು. ಅಪ್ಪ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆ ಮಾಡದೆ ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ. ಆಮೇಲೆ ತಮಾಷೆ ಮಾಡುತ್ತಲೇ ಕೆಲಸಕ್ಕೆ ಕೂರುವವನು. ಅಳತೆ ಕೊಡಲು ಬಂದ ಮಕ್ಕಳಿಗೆಲ್ಲ "ಹೊಟ್ಟೆ ಎಳ್ಕೊಬ್ಯಾಡ ಕಣ್ಲಾ, ಜೂನಲ್ಲಿ ಉಸ್ರು ಬಿಡೋಕಾಗಲ್ಲ" ಅನ್ನುತ್ತಿದ್ದ. ಅಂಗಡಿಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕಾಜಾ ಹೊಲಿದು ಗುಂಡಿ ಹಚ್ಚುತ್ತಿದ್ದವಳು ತಾಯಮ್ಮ. ನಾನು ಅವಳನ್ನು ತಾಯಕ್ಕ ಅನ್ನುತ್ತಿದ್ದೆ, ಅವಳಿಗೆ ನಾನು ಗಿರ್ಜಾ. ಅವಳ ಗಂಡ ತೀರಿಕೊಂಡಿದ್ದ, ಮದುವೆಗೆ ಬಂದ ಮಗಳಿದ್ದಳು. ತಾಯಕ್ಕ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಅಪ್ಪನಿಗೆ ಆದದ್ದು ಯಾವ ದಿನ ಶುರುವಾಯಿತೋ ನನಗೆ ಗೊತ್ತಿಲ್ಲ. ಯಾರೂ ಸತ್ತಿರಲಿಲ್ಲ, ಯಾರ ಜೊತೆಗೂ ಜಗಳವಾಗಿರಲಿಲ್ಲ. ಮೊದಲು ತಮಾಷೆ ನಿಂತಿತು. ಅದನ್ನು ನಾವು ಗಮನಿಸಲೂ ಇಲ್ಲ. ಆಮೇಲೆ ಅಪ್ಪ ಕೋಳಿ ಕೂಗುವ ಮೊದಲೇ ಎದ್ದು ಜಗುಲಿಯ ಮೇಲೆ ಕೂತಿರತೊಡಗಿದ. ಚಾಕು ಹಿಡಿದು ಹಣ್ಣು ಕೊಯ್ಯುವಷ್ಟು ಸಲೀಸಾಗಿ ಬಟ್ಟೆ ಕತ್ತರಿಸುತ್ತಿದ್ದವನು ಸೀಮೆಸುಣ್ಣ ಹಿಡಿದುಕೊಂಡು ಒಂದೇ ಬಟ್ಟೆಯ ಮುಂದೆ ಗಂಟೆಗಟ್ಟಲೆ ನಿಂತಿರುತ್ತಿದ್ದ. ಒಂದು ದಿನ ತಾಯಕ್ಕ ಗುಂಡಿ ಹಚ್ಚಲು ತೆಗೆದುಕೊಂಡ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎರಡೂ ತೋಳು ಎಡಗೈಯವೇ ಆಗಿದ್ದವು. ಅವಳು ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಅಪ್ಪ ಅದನ್ನು ನೋಡಿದ. ಕತ್ತರಿ ಕೆಳಗಿಟ್ಟು ಪರದೆ ಸರಿಸಿ ಒಳಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ಹಾಗೆ ಮಲಗಿದವನು ಮಾರನೆಯ ದಿನ ಪೂಜೆಗೆ ಏಳಲಿಲ್ಲ. ಅದರ ಮಾರನೆಯ ದಿನವೂ ಏಳಲಿಲ್ಲ. ಪೂಜೆ ಮಾಡದೆ ಮಧ್ಯಾಹ್ನ ಒಂದು ಲೋಟ ನೀರು ಕುಡಿದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಲೋಟವನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಿ ನನಗೆ ಮೊದಲ ಬಾರಿಗೆ ಭಯವಾಯಿತು.

ನಮ್ಮವ್ವ ಸುಂದ್ರಮ್ಮ ಸುಳ್ಳು ಹೇಳುವವಳಲ್ಲ. ಆದರೆ ಆ ವಾರ ಅವಳು ಗಿರಾಕಿಗಳಿಗೆ "ಜಾಂಡೀಸ್ ಆಗದೆ, ಮನಗವ್ರೆ" ಅಂತ ಹೇಳಿದಳು, ನನಗೂ ಹಾಗೇ ಹೇಳಲು ಕಲಿಸಿದಳು. ಮಕ್ಕಳು ಅಪ್ಪಂದಿರ ಸೈಕಲ್ಲಿನ ಮೇಲೆ ಬಂದು ಯೂನಿಫಾರಂ ಕೇಳುತ್ತಿದ್ದರು. ನಾನು ಪರದೆಯ ಮುಂದೆ ನಿಂತು ಅದನ್ನೇ ಒಪ್ಪಿಸುತ್ತಿದ್ದೆ. ಪರದೆಯ ಹಿಂದೆ ಅಪ್ಪ ಕಣ್ಣು ಬಿಟ್ಟುಕೊಂಡೇ ಮಲಗಿರುವುದು ನನಗೆ ಗೊತ್ತಿತ್ತು. ಅವನು ನನ್ನ ಸುಳ್ಳನ್ನು ಕೇಳಿಸಿಕೊಳ್ಳುತ್ತಿದ್ದಾನೆ ಅನ್ನುವುದೂ ಗೊತ್ತಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಡಾಕ್ಟರೊಬ್ಬರಿಗೆ ತೋರಿಸಿದೆವು. ವೀಕ್ನೆಸ್ ಅಂತ ಸೂಜಿ ಚುಚ್ಚಿ ಟಾನಿಕ್ಕು ಕೊಟ್ಟರು. ಟಾನಿಕ್ಕು ಕಿಟಕಿಯ ಮೇಲೆ ಹಾಗೇ ಉಳಿಯಿತು. ಅವ್ವ ಅವರೆಕಾಳು ಸಾರು ಮಾಡಿ ಮುದ್ದೆ ಮುರಿದು ತಟ್ಟೆಗಿಟ್ಟರೆ ಅಪ್ಪ ಎರಡು ತುತ್ತು ನುಂಗಿ ತಟ್ಟೆ ಸರಿಸುತ್ತಿದ್ದ. ಒಂದು ಮಧ್ಯಾಹ್ನ ಅವ್ವನಿಗೆ ತಡೆಯಲಾಗಲಿಲ್ಲ.

"ಏನಾಯ್ತು ಅಂತನಾದ್ರೂ ಬಾಯಿ ಬುಟ್ಟು ಹೇಳಿ. ನೋವಾ? ಎಲ್ಲಿ ನೋವು?"

"ಎಲ್ಲೂ ಇಲ್ಲ."

"ಮತ್ಯಾಕೆ ಇಂಗೆ ಮನಗಿದ್ದೀರಿ?"

"ಏಳೋಕಾಯ್ತಿಲ್ಲ ಸುಂದ್ರಿ. ಸೋಮಾರಿತನ ಅಲ್ಲ. ಏಳೋಕೇ ಆಯ್ತಿಲ್ಲ."

ಅವ್ವ ತಟ್ಟೆಯನ್ನು ನೆಲಕ್ಕೆ ಕುಕ್ಕಿ ಹಿತ್ತಲಿಗೆ ಹೋದಳು. ಅಪ್ಪ ಅಳುತ್ತಿದ್ದ. ಸದ್ದಿಲ್ಲ, ಮುಖ ಸೊಟ್ಟಗಾಗಿರಲಿಲ್ಲ, ಕಣ್ಣಿಂದ ನೀರು ಮಾತ್ರ ಕಿವಿಯ ಕಡೆಗೆ ಹರಿಯುತ್ತಿತ್ತು. ದೊಡ್ಡವರು ಅಳುವುದನ್ನು ನಾನು ಸಾವಿನ ಮನೆಯಲ್ಲಿ ಮಾತ್ರ ನೋಡಿದ್ದೆ. ಹಾಗಾದರೆ ನಮ್ಮ ಮನೆಯಲ್ಲಿ ಸಾಯುತ್ತಿರುವವರು ಯಾರು ಅಂತ ಯೋಚಿಸಿದೆ. ಆ ಯೋಚನೆ ಆಮೇಲೆ ನನ್ನನ್ನು ಬಿಡಲಿಲ್ಲ. ಅಪ್ಪ ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು ತಂಬಿಗೆಯ ಸದ್ದು ಎಣಿಸುತ್ತಿದ್ದೆ. ಒಂದು ತಂಬಿಗೆಗೂ ಇನ್ನೊಂದಕ್ಕೂ ನಡುವೆ ಹೊತ್ತು ಜಾಸ್ತಿಯಾದರೆ ಬಾಗಿಲು ತಟ್ಟಿ ಅಪ್ಪ ಅಂತ ಕರೆಯುತ್ತಿದ್ದೆ.

ಕಳಲೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದ ನಮ್ಮಜ್ಜಿಗೆ ಸುದ್ದಿ ಹೋಯಿತು. ಅಜ್ಜಿ ಬಂದವಳೇ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅವಳಿಗೆ ಮಗನ ಮೇಲಿದ್ದ ಪ್ರೀತಿಯಲ್ಲಿ ಕಲಬೆರಕೆ ಇರಲಿಲ್ಲ. ಆಮೇಲೆ ಅವಳು ಮಾಡಿಸಿದ್ದನ್ನೆಲ್ಲ ಹೇಳುವ ಮುಂಚೆ ಇದನ್ನು ಹೇಳಲೇಬೇಕು. ಯಾರೋ ಕಣ್ಣು ಹಾಕಿದ್ದಾರೆ, ಗಾಳಿ ಸೋಕಿದೆ ಅಂತ ಅವಳ ತೀರ್ಮಾನ. ಊರ ಕಡೆಯಿಂದ ಒಬ್ಬನನ್ನು ಕರೆಸಿದಳು. ಅವನು ಅಪ್ಪನನ್ನು ಬಾಗಿಲಿಗೆ ಎದುರಾಗಿ ಕೂರಿಸಿ, ಬೇವಿನ ಸೊಪ್ಪಿನಲ್ಲಿ ಹೊಡೆಯುತ್ತ "ಯಾರ್ಲಾ ನೀನು, ಎಸರು ಏಳು" ಅಂತ ಕೇಳುತ್ತಿದ್ದ. ಅಪ್ಪ ತಗ್ಗಿದ ದನಿಯಲ್ಲಿ "ನಂಜುಂಡಪ್ಪ" ಅನ್ನುತ್ತಿದ್ದ. ಮತ್ತೆ ಹೊಡೆತ, ಮತ್ತೆ ಅದೇ ಪ್ರಶ್ನೆ. "ನಂಜುಂಡಪ್ಪ ಕಣಪ್ಪ. ಟೈಲರು." ಪರದೆಯನ್ನು ಬಾಯಿಗೆ ತುರುಕಿಕೊಂಡು ನಾನು ನಿಂತಿದ್ದೆ. ಅಪ್ಪನೊಳಗೆ ಬೇರೆ ಯಾರಾದರೂ ಇದ್ದರೆ ಅವರು ಬೇಗ ಹೆಸರು ಹೇಳಿಬಿಡಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಯಾರೂ ಇರಲಿಲ್ಲ. ಅಪ್ಪನೇ ಇದ್ದ, ಒಬ್ಬನೇ.

ಅದೂ ಫಲಿಸದೆ ಹೋದಾಗ ಅಜ್ಜಿ ನಂಜನಗೂಡಿನಲ್ಲಿ ಮುಡಿ ಕೊಡಿಸುವುದಾಗಿ ಹರಕೆ ಹೊತ್ತಳು. ಒಂದು ಸೋಮವಾರ ಅಪ್ಪ, ಅವ್ವ, ಅಜ್ಜಿ, ನಾನು ಬಸ್ಸಿನಲ್ಲಿ ಹೋದೆವು. ಕಪಿಲಾ ನದಿಯ ಮೆಟ್ಟಿಲ ಮೇಲೆ ಅಪ್ಪನ ತಲೆ ಬೋಳಿಸಿದರು. ಕೂದಲು ಹೋದ ಮೇಲೆ ಅವನು ಎಷ್ಟು ಸೊರಗಿದ್ದಾನೆ ಅನ್ನುವುದು ಎದ್ದು ಕಂಡಿತು. ಕಿವಿಗಳು ದೊಡ್ಡದಾಗಿ ಕಾಣುತ್ತಿದ್ದವು. ಮೂರು ಮುಳುಗು ಹಾಕಿ ಬಾ ಅಂತ ಅಜ್ಜಿ ಕಳಿಸಿದಳು. ನಾನು ಒಣ ಪಂಚೆ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತೆ. ಸುತ್ತ ಜನ ಸ್ನಾನ ಮಾಡುತ್ತಿದ್ದರು, ಮಕ್ಕಳು ನೀರೆರಚಾಡುತ್ತಿದ್ದರು, ಬಿಸಿಲು ಚುರುಗುಟ್ಟುತ್ತಿತ್ತು. ಅಪ್ಪ ಮೂರು ಸಲ ಮುಳುಗಿದ. ಆಮೇಲೆ ಈ ಕಡೆ ತಿರುಗಲಿಲ್ಲ. ನಿಧಾನವಾಗಿ ಮುಂದೆ ನಡೆದ. ನೀರು ಎದೆಮಟ್ಟಕ್ಕೆ ಬಂತು.

"ಸಾಕು ಬಾ ಮಗ," ಅಂದಳು ಅಜ್ಜಿ.

ಅಪ್ಪ ನಿಂತ. ತಿರುಗಲಿಲ್ಲ. ಇನ್ನೊಂದು ಹೆಜ್ಜೆ ಮುಂದಕ್ಕೆ ಇಟ್ಟ. ಅವ್ವ ಕೈಯಲ್ಲಿದ್ದ ಬ್ಯಾಗನ್ನು ನನ್ನ ಮೇಲೆ ಎಸೆದು ಸೀರೆ ಸಮೇತ ನೀರಿಗಿಳಿದಳು. ಅವಳು ಕೂಗಲಿಲ್ಲ. ಅವಳಿಗೆ ಈಜು ಬರುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಬ್ಯಾಗು, ಪಂಚೆ ಎರಡನ್ನೂ ಎದೆಗೊತ್ತಿಕೊಂಡು ನೀರಿನಂಚಿನ ಮೆಟ್ಟಿಲಿಗೆ ಇಳಿದೆ. ಅವ್ವ ಹಿಂದಿನಿಂದ ಹೋಗಿ ಅವನ ಕೈ ಹಿಡಿದಳು. ಇಬ್ಬರೂ ನೀರಿನಲ್ಲಿ ಹಾಗೇ ನಿಂತಿದ್ದರು. ಅವ್ವ ಏನೋ ಹೇಳುತ್ತಿದ್ದಳು, ನಮಗೆ ಕೇಳಿಸುತ್ತಿರಲಿಲ್ಲ. ತುಂಬ ಹೊತ್ತಾದ ಮೇಲೆ ಇಬ್ಬರೂ ತಿರುಗಿ ಬಂದರು. ಅವತ್ತು ಏನು ಹೇಳಿದೆ ಅಂತ ನಾನು ದೊಡ್ಡವಳಾದ ಮೇಲೆ ಅವ್ವನನ್ನು ಕೇಳಿದೆ. "ಏನೇಳೋದು, ಗಿರ್ಜಂಗೆ ಹೊಟ್ಟೆ ಅಸ್ದದೆ ಬನ್ನಿ ಅಂದೆ," ಅಂದಳು.

ಬಸ್ಸಿನಲ್ಲಿ ಅಪ್ಪನ ಪಕ್ಕ ಕಿಟಕಿಯ ಹತ್ತಿರ ನನ್ನನ್ನು ಕೂರಿಸಿದರು. ಅವ್ವ, ಅಜ್ಜಿ ಮುಂದಿನ ಸೀಟಿನಲ್ಲಿ. ಊರು ದಾಟಿ ಗದ್ದೆ ಬಯಲು ಶುರುವಾದ ಮೇಲೆ ಅಪ್ಪ ನನ್ನ ಕಡೆ ನೋಡದೆ ಮೆಲ್ಲಗೆ ಹೇಳಿದ.

"ನಂಗೆ ವಾಪಸ್ ಬರೋಕೆ ಮನಸ್ಸಾಗ್ಲಿಲ್ಲ ಕಣವ್ವ."

ಆಮೇಲೆ, "ಅವ್ವಂಗೆ ಏಳ್ಬ್ಯಾಡ," ಅಂದ.

ಮನೆಗೆ ಬಂದ ಮಾರನೆಯ ದಿನವೇ ಅವ್ವ ಬಚ್ಚಲಿನ ಬಾಗಿಲ ಚಿಲಕವನ್ನು ಬಿಚ್ಚಿ ತೆಗೆದಳು. ಆಮೇಲೆ ಅಡುಗೆಮನೆಯದು. ಅಪ್ಪನ ಎರಡೂ ಕತ್ತರಿಗಳು ಅಂಗಡಿಯಿಂದ ಮಾಯವಾದವು. ರಾಗಿ ಹಿಟ್ಟು ತೆಗೆಯಲು ಹೋದಾಗ ನನ್ನ ಕೈಗೆ ಡಬ್ಬದ ತಳದಲ್ಲಿ ತಣ್ಣನೆಯ ಕಬ್ಬಿಣ ಸಿಕ್ಕಿತು. ಯಾಕೆ ಅಂತ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ನೀರಿನಲ್ಲಿ ನಿಂತಾಗಲೇ ಅವಳಿಗೂ ಅರ್ಥವಾಗಿತ್ತು. ಆದರೆ ಅಪ್ಪ ಹೇಳಿದ ಮಾತು ನನ್ನೊಬ್ಬಳ ಹತ್ತಿರ ಮಾತ್ರ ಇತ್ತು. "ಅಪ್ಪನ್ ಜೊತೇಲೇ ಇರು, ಎಲ್ಲೂ ಓಗ್ಬ್ಯಾಡ" ಅಂತಷ್ಟೇ ಅವ್ವ ನನಗೆ ಹೇಳಿದ್ದಳು. ಸ್ಕೂಲು ಬಾಗಿಲು ತೆರೆದಾಗ ನಾನು ಹೊಟ್ಟೆನೋವು ಅಂತ ಹೇಳಿ ಉಳಿದುಕೊಂಡೆ. ನಾನು ಹೊರಗೆ ಹೋದ ಹೊತ್ತಿನಲ್ಲೇ ಅದು ಆಗುತ್ತದೆ ಅನ್ನುವುದು ನನ್ನ ಲೆಕ್ಕ. ಆ 'ಅದು' ಏನು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿರಲಿಲ್ಲ. ಹನ್ನೊಂದು ದಿನ ಹಾಗೆ ಕಳೆದೆ. ಉಂಡದ್ದು ಅರಗುತ್ತಿರಲಿಲ್ಲ, ಹೊಟ್ಟೆನೋವು ನಿಜವಾಗಿಯೂ ಬಂತು.

ಹನ್ನೆರಡನೆಯ ದಿನ ತಾಯಕ್ಕ ಬಂದಳು. ಕೆಲಸವಿಲ್ಲದಿದ್ದರೂ ಅವಳು ಎರಡು ದಿನಕ್ಕೊಮ್ಮೆ ಬಂದು ಚಾಪೆಯ ಮೇಲೆ ಸುಮ್ಮನೆ ಕೂತು ಹೋಗುತ್ತಿದ್ದಳು. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಪ್ಪ ಒಳಗೆ ಮಲಗಿದ್ದ. ತಾಯಕ್ಕ ನನ್ನನ್ನು ನೋಡಿ, "ಯಾಕವ್ವ ಇಂಗೆ ಬಡಕಲಾದೆ?" ಅಂದಳು. ನಾನು ಅವಳ ಪಕ್ಕ ಕೂತು, ಪರದೆಯ ಕಡೆ ನೋಡುತ್ತ, ಅವಳ ಕಿವಿಯಲ್ಲಿ ಬಸ್ಸಿನ ಮಾತನ್ನು ಹೇಳಿಬಿಟ್ಟೆ. ಅಪ್ಪನ ಗುಟ್ಟು ಬಿಟ್ಟುಕೊಟ್ಟಿದ್ದಕ್ಕೆ ಅವನು ಈಗಲೇ ಸತ್ತುಹೋಗುತ್ತಾನೆ ಅನ್ನಿಸಿತು. ತಾಯಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ಒಳ್ಳೇ ಕೆಲ್ಸ ಮಾಡ್ದೆ. ಇಂಥ ಮಾತ ಒಳಗಿಟ್ಕಬಾರ್ದು. ಗಿರ್ಜಾ, ಇದು ಗಾಳಿ ಅಲ್ಲ, ಸೋಮಾರಿತನಾನೂ ಅಲ್ಲ. ಕಾಯ್ಲೆ ಕಣವ್ವ. ಜ್ವರಕ್ಕೆ ಇದ್ದಂಗೆ ಇದುಕ್ಕೂ ಡಾಕ್ಟ್ರವ್ರೆ, ಮಾತ್ರೆ ಅವೆ."

"ನಿನಗೆಂಗೊತ್ತು?"

ಅವಳು ಎಲೆಅಡಿಕೆ ಚೀಲ ತೆಗೆದು, ಅದರ ಒಳಜೇಬಿನಿಂದ ಮಡಿಸಿದ ಕಾಗದ ಬಿಚ್ಚಿದಳು. ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ. "ಏಳು ವರ್ಷದಿಂದ ನಾನೇ ನುಂಗ್ತಾ ಇವ್ನಿ. ಗಂಡ ಸತ್ತಾಗಿಂದ ಅಲ್ಲ, ಅದುಕ್ಕೂ ಮೊದ್ಲಿಂದ. ನನ್ ಮಗ್ಳಿಗ್ ಬಿಟ್ರೆ ಈ ಊರಲ್ಲಿ ಯಾರ್ಗೂ ತಿಳೀದು."

ದಿನಾ ನಮ್ಮ ಅಂಗಡಿಯಲ್ಲೇ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ ತಾಯಕ್ಕ. ಅವಳಿಗೂ ಇದೇ ಇತ್ತು, ಅವಳು ಸತ್ತಿರಲಿಲ್ಲ. ನನ್ನ ತಲೆಯಲ್ಲಿ ಉಳಿದದ್ದು ಅದೊಂದೇ. ಅವಳು ಎದ್ದು ಹಿತ್ತಲಿಗೆ ಹೋಗಿ ಅವ್ವನಿಗೆ ಎಲ್ಲವನ್ನೂ ಹೇಳಿದಳು, ಬಸ್ಸಿನ ಮಾತನ್ನೂ, ತನ್ನ ಮಾತ್ರೆಯನ್ನೂ. ಅವಳ ಮಗಳಿಗೆ ಆಗ ಬನ್ನೂರಿನ ಕಡೆ ಗಂಡು ಗೊತ್ತಾಗುವುದರಲ್ಲಿತ್ತು. ವಿಷಯ ಹೊರಗೆ ಬಿದ್ದರೆ ಏನಾಗುತ್ತದೆ ಅನ್ನುವುದು ಗೊತ್ತಿದ್ದೇ ಹೇಳಿದಳು. ಅವ್ವ ಸೋಪಿನ ಕೈಯಲ್ಲೇ ಅವಳ ಎರಡೂ ಕೈ ಹಿಡಿದುಕೊಂಡು ನಿಂತಿದ್ದು ನನಗೆ ಕಾಣಿಸುತ್ತಿತ್ತು.

ಅಪ್ಪ ಮಾತ್ರ ಒಪ್ಪಲಿಲ್ಲ. ಮೈಸೂರಿಗೆ ಹೋಗೋಣ ಅಂದಾಗ ಅಷ್ಟು ದಿನದಲ್ಲಿ ಮೊದಲ ಬಾರಿಗೆ ಅವನ ದನಿ ಏರಿತು. "ನಾನೇನು ಹುಚ್ಚನಾ?" ಅಂದ. ಅಜ್ಜಿಯೂ ಅವನ ಪಕ್ಷ: "ಉಚ್ಚಾಸ್ಪತ್ರೆ ಮೆಟ್ಲು ತುಳಿದ್ರೆ ನಾಳೆ ಈ ಕೂಸ್ನ ಯಾರು ಸೊಸೆ ಅಂತ ತತ್ತಾರೆ ಸುಂದ್ರಿ?" ಕೂಸು ಅಂದರೆ ನಾನು. ಅವ್ವ ಅಳುತ್ತ, ಬೈಯುತ್ತ ಎರಡು ದಿನ ಕಳೆದಳು. ಮೂರನೆಯ ದಿನ ತಾಯಕ್ಕ ನಡುಮನೆಗೇ ಬಂದು ಅಪ್ಪನ ಹಾಸಿಗೆಯ ಹತ್ತಿರ ಕೂತಳು. ಜೊತೆಗೆ ತನ್ನ ಮನೆಯ ಒಂದು ರವಿಕೆ ತಂದಿದ್ದಳು. ಅದಕ್ಕೆ ಗುಂಡಿ ಹಚ್ಚುತ್ತ, ಅಪ್ಪನ ಮುಖ ನೋಡದೆ, ತನಗೆ ಆಗುತ್ತಿದ್ದದ್ದನ್ನು ಹೇಳತೊಡಗಿದಳು. ಬೆಳಿಗ್ಗೆಯೇ ಕೆಟ್ಟದ್ದು, ಸಂಜೆ ಸ್ವಲ್ಪ ವಾಸಿ. ಬಾಯಿಗಿಟ್ಟದ್ದೆಲ್ಲ ಬೂದಿ. ಮಗಳು ನಕ್ಕರೂ ದೂರದಲ್ಲೆಲ್ಲೋ ನಕ್ಕ ಹಾಗೆ. ನಾನು ಇಲ್ಲದಿದ್ದರೆ ಇವರೆಲ್ಲ ಸುಖವಾಗಿರುತ್ತಾರೆ ಅನ್ನುವ ಮಾತು ತಲೆಯೊಳಗೆ ಸುತ್ತಿದ್ದೇ ಸುತ್ತಿದ್ದು.

ಅಪ್ಪ ಗೋಡೆ ಕಡೆಯಿಂದ ಹೊರಳಿದ. "ಅದೇಯಾ," ಅಂದ. "ಅದೇ ಮಾತು."

"ಅದು ನಿನ್ ಮಾತಲ್ಲ ಕಣಣ್ಣ. ಕಾಯ್ಲೆ ಮಾತು. ನಂಗೂ ಅದನ್ನೇ ಅಂದಿತ್ತು, ಒಂದಕ್ಷರ ಬಿಡ್ದಂಗೆ. ಇಬ್ರಿಗೂ ಒಂದೇ ಏಳ್ತದೆ ಅಂದ್ಮೇಲೆ ಅದು ನಿಜ ಎಂಗಾಯ್ತದೆ?"

ಮಾರನೆಯ ದಿನ ಬೆಳಿಗ್ಗೆ ಅಪ್ಪ ಅಂಗಿ ಹಾಕಿಕೊಂಡ. ಮೈಸೂರಿನ ಸರ್ಕಾರಿ ಆಸ್ಪತ್ರೆಗೆ ತಾಯಕ್ಕನೂ ಬಂದಳು. ನನ್ನನ್ನು ಬಿಟ್ಟುಹೋಗುತ್ತೇವೆ ಅಂದಾಗ ನಾನು ಬಸ್ಸಿನ ಬಾಗಿಲು ಹಿಡಿದು ಅತ್ತೆ, ಹಾಗಾಗಿ ಕರೆದುಕೊಂಡು ಹೋದರು. ಹುಚ್ಚಾಸ್ಪತ್ರೆ ಅಂದರೆ ಸರಪಳಿ, ಕಿರುಚಾಟ ಅಂತ ನಾನು ಅಂದುಕೊಂಡಿದ್ದೆ. ಅಲ್ಲಿ ಬೆಂಚುಗಳಿದ್ದವು. ಬೆಂಚಿನ ಮೇಲೆ ನಮ್ಮಂಥವರೇ ಚೀಟಿ ಹಿಡಿದು ಕೂತಿದ್ದರು. ಒಬ್ಬ ಹೆಂಗಸು ತನ್ನ ಮಗನಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದಳು. ಆದರೂ ನಾನು ಅಪ್ಪನ ಅಂಗಿಯ ತುದಿ ಬಿಡಲಿಲ್ಲ. ಒಳಗೆ ಕರೆದೊಯ್ದರೆ ಅವನನ್ನು ಅಲ್ಲೇ ಇಟ್ಟುಕೊಳ್ಳುತ್ತಾರೆ ಅನ್ನುವ ಹೆದರಿಕೆ. ಡಾಕ್ಟರು ಹೆಂಗಸು, ಅವ್ವನಿಗಿಂತ ಚಿಕ್ಕವರಿರಬೇಕು. ನಿದ್ದೆ, ಊಟ, ಕೆಲಸ ಎಲ್ಲವನ್ನೂ ಒಂದೊಂದಾಗಿ ಕೇಳಿದರು. ಆಮೇಲೆ ಪೆನ್ನು ಕೆಳಗಿಟ್ಟರು.

"ನಂಜುಂಡಪ್ಪನವರೇ, ಬದುಕಿರೋದೇ ಬೇಡ ಅನ್ನಿಸಿದ್ದಿದೆಯಾ?"

ಅವ್ವ ಉಸಿರೆಳೆದುಕೊಂಡಳು. ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಬಹುದು ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ ಅದೇ ಆಗಿಬಿಡುತ್ತದೆ ಅಂತ ನಾವೆಲ್ಲ ಸುತ್ತಿ ಬಳಸಿ ಓಡಾಡುತ್ತಿದ್ದೆವು.

"ಅನ್ಸ್ತದೆ ಮೇಡಮ್ಮೋರೆ," ಅಂದ ಅಪ್ಪ. "ದಿನಾ ಅನ್ಸ್ತದೆ."

ಹಾಗೆ ಹೇಳಿದವನೇ ಮೇಜಿನ ಮೇಲೆ ತಲೆಯಿಟ್ಟು ಅತ್ತ. ಈ ಸಲ ಸದ್ದು ಬಂತು. ಡಾಕ್ಟರು ಅವಸರ ಮಾಡಲಿಲ್ಲ. ಇದಕ್ಕೆ ಖಿನ್ನತೆ ಅಂತಾರೆ, ವಾಸಿಯಾಗುವ ಕಾಯಿಲೆ ಅಂದರು. ಮಾತ್ರೆ ಹಿಡಿಯಲು ಎರಡು ಮೂರು ವಾರ ಬೇಕು, ಅಲ್ಲೀವರೆಗೆ ಬಾಯಿ ಒಣಗಬಹುದು, ಮಂಪರು ಬರಬಹುದು, ನೀವಾಗಿ ನಿಲ್ಲಿಸಬೇಡಿ, ಹದಿನೈದು ದಿನಕ್ಕೊಮ್ಮೆ ಬಂದು ಮಾತಾಡಿಕೊಂಡು ಹೋಗಿ, ಆ ಯೋಚನೆ ಜೋರಾದರೆ ಯಾವ ಹೊತ್ತಾದರೂ ಸರಿ ಕರೆತನ್ನಿ ಅಂದರು. ಚಿಲಕ ತೆಗೆದಿದ್ದನ್ನು, ಕತ್ತರಿ ಬಚ್ಚಿಟ್ಟಿದ್ದನ್ನು ಅವ್ವ ನಾಚಿಕೆಪಟ್ಟು ಹೇಳಿದಾಗ, "ಸರಿಯಾಗಿ ಮಾಡಿದ್ದೀರಿ" ಅಂದರು. ಆಮೇಲೆ ಅವರ ಕಣ್ಣು ಅಂಗಿಯ ತುದಿ ಹಿಡಿದಿದ್ದ ನನ್ನ ಕೈಯ ಮೇಲೆ ಬಿತ್ತು.

"ಮನೇಲಿ ಅಪ್ಪನ ಜೊತೆ ಯಾರಿರ್ತಾರೆ ಪುಟ್ಟಿ?"

"ನಾನು."

"ಇಡೀ ದಿನ? ಸ್ಕೂಲು?"

"ಓಯ್ತಿಲ್ಲ."

"ಇವತ್ತಿಂದ ಅದು ದೊಡ್ಡೋರ ಕೆಲಸ. ನಿನಗೆ ಭಯ ಆದ್ರೆ ಓಡಿ ಬಂದು ದೊಡ್ಡೋರಿಗೆ ಹೇಳು, ಅಷ್ಟೇ ನಿಂದು. ಅದನ್ನ ನೀನು ಆಗ್ಲೇ ಮಾಡಿದ್ದೀಯಲ್ಲ."

ಅಂದಿನಿಂದ ಸರತಿ ಬದಲಾಯಿತು. ಹಗಲು ತಾಯಕ್ಕ ಅಥವಾ ಅಜ್ಜಿ ಅಪ್ಪನ ಹತ್ತಿರ ಇರುತ್ತಿದ್ದರು, ನಾನು ಸ್ಕೂಲಿಗೆ ಹೋದೆ. ಆದರೆ ಭಯ ಡಾಕ್ಟರು ಹೇಳಿದ ತಕ್ಷಣ ಹೋಗಲಿಲ್ಲ. ಸಂಜೆ ಗಲ್ಲಿಯ ತಿರುವಿಗೆ ಬಂದಾಗ ಕಾಲು ನಿಂತುಬಿಡುತ್ತಿತ್ತು. ನಮ್ಮ ಮನೆ ಮುಂದೆ ಜನ ಸೇರಿದ್ದಾರಾ ಅಂತ ಮೊದಲು ಇಣುಕಿ ನೋಡುತ್ತಿದ್ದೆ. ಇಲ್ಲವೆಂದು ಖಚಿತವಾದ ಮೇಲೆ ಓಡುತ್ತಿದ್ದೆ. ಮೊದಲ ಹತ್ತು ದಿನ ಅಪ್ಪ ಇನ್ನೂ ಇಳಿದುಹೋದ ಹಾಗೆ ಕಂಡ. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಇದು ನಿದ್ದೆ ಮಾತ್ರೆ, ನನ್ನ ಮಗನನ್ನು ಕೊಲ್ಲುತ್ತಿದ್ದೀರಿ ಅಂತ ಅಜ್ಜಿ ಕೂಗಾಡಿದಳು. ಅಪ್ಪನೂ ಮಾತ್ರೆ ಬೇಡ ಅಂತ ಕೈಯೊಡ್ಡಿ ತಡೆದ. ಅವ್ವ ನೀರಿನ ಲೋಟ ಹಿಡಿದು ಅವನ ಮುಂದೆ ಕೂತು, "ಡಾಕ್ಟ್ರು ಮೂರ್ ವಾರ ಅಂದವ್ರೆ. ಮೂರ್ ವಾರ ನಂಗೆ ಕೊಡಿ. ಆಮೇಲೆ ನೀವೇಳಿದಂಗೆ," ಅಂದಳು. ಅಪ್ಪ ನುಂಗಿದ.

ನಾಲ್ಕನೆಯ ವಾರ ಒಂದು ಮಧ್ಯಾಹ್ನ ಅಪ್ಪ ಉಪ್ಸಾರಿನಲ್ಲಿ ಮುದ್ದೆ ಅದ್ದಿ ನುಂಗಿ, ಸ್ವಲ್ಪ ತಡೆದು, "ಉಪ್ಪು ಕಮ್ಮಿ ಆಗದೆ" ಅಂದ. ಅವ್ವ ಉಪ್ಪಿನ ಮರಿಗೆ ತರಲು ಒಳಗೆ ಹೋದವಳು ಬೇಗ ಬರಲಿಲ್ಲ. ನಾನು ಹೋಗಿ ನೋಡಿದರೆ ಒಲೆಯ ಮುಂದೆ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಎರಡು ತಿಂಗಳಿಂದ ಅವನಿಗೆ ಏನು ಹಾಕಿದರೂ ರುಚಿ ತಿಳಿದಿರಲಿಲ್ಲ. ಅದಾಗಿ ಒಂದು ವಾರಕ್ಕೆ ಅವನು ಮಿಷನ್ನಿನ ಮುಂದೆ ಕೂತು ಒಂದು ದಿಂಬಿನ ಕವರು ಹೊಲಿದ, ಅಷ್ಟಕ್ಕೇ ಸುಸ್ತಾಗಿ ಎದ್ದ. ಆ ವರ್ಷದ ಯೂನಿಫಾರಂಗಳೆಲ್ಲ ಬೇರೆ ಟೈಲರುಗಳ ಕೈಸೇರಿದ್ದವು. ಬಂದ ಒಬ್ಬಿಬ್ಬರು ಜಾಂಡೀಸ್ ವಾಸಿಯಾಯಿತಾ ಅಂತ ವಿಚಾರಿಸಿದಾಗ ಅಪ್ಪ, "ಜಾಂಡೀಸ್ ಅಲ್ಲ ಸಾ. ಮನಸ್ಸಿಗೆ ಕಾಯ್ಲೆ ಬಂದಿತ್ತು. ಮೈಸೂರಲ್ಲಿ ತೋರುಸ್ತಾ ಇವ್ನಿ," ಅಂದ. ಪರದೆಯ ಹಿಂದೆ ನಾನೂ ಅವ್ವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೇಳಿದವರಲ್ಲೊಬ್ಬ ಸೈಕಲ್ಲು ಹತ್ತಿ ಹೊರಟುಹೋದ. ಆದರೆ ಒಂದು ವಾರದೊಳಗೆ ಅವನೇ ತನ್ನ ಅಣ್ಣನನ್ನು ಕರೆದುಕೊಂಡು ಬಂದು, ಆ ಆಸ್ಪತ್ರೆಗೆ ಯಾವ ದಿನ ಹೋಗಬೇಕು ಅಂತ ಕೇಳಿದ.

ಎಲ್ಲವೂ ಹೀಗೇ ಸುಸೂತ್ರವಾಗಲಿಲ್ಲ. ತಾಯಕ್ಕನ ಮಾತ್ರೆಯ ಸುದ್ದಿ ಬನ್ನೂರಿನ ಕಡೆಯವರಿಗೆ ಮುಟ್ಟಿ, ಗಂಡಿನ ಮನೆಯವರು ಹಿಂದೆ ಸರಿದರು. ಹೇಳಿದವರು ಯಾರು ಅಂತ ಗೊತ್ತಾಗಲಿಲ್ಲ. ಅಜ್ಜಿ ಕಳಲೆಯಲ್ಲಿ ಅವಳನ್ನು ಹೊಗಳುವ ಭರದಲ್ಲಿ ಬಾಯಿಬಿಟ್ಟಿದ್ದಳೋ ಏನೋ. ಆದರೆ ನಾನೂ ಸ್ಕೂಲಿನ ಗೆಳತಿಯೊಬ್ಬಳಿಗೆ ಹೇಳಿದ್ದೆ. ಆ ಗೆಳತಿಯ ಚಿಕ್ಕಮ್ಮನ ಮನೆ ಬನ್ನೂರಿನಲ್ಲಿತ್ತು. ನಾನು ಅಳುತ್ತ ತಾಯಕ್ಕನ ಹತ್ತಿರ ಹೋಗಿ ಒಪ್ಪಿಕೊಂಡೆ. ಅವಳಿಗೆ ನೋವಾಗಿತ್ತು, ಅದನ್ನು ಮುಚ್ಚಿಡಲಿಲ್ಲ. ಕೊನೆಗೆ, "ಆ ಮನೆಗೆ ಕೊಟ್ಟಿದ್ರೆ ನನ್ ಮಗ್ಳು ತಲೆನೋವು ಅನ್ನೋಕೂ ಎದುರ್ಕೊಬೇಕಾಗಿತ್ತು. ಓಗ್ಲಿ ಬುಡು," ಅಂದಳು. ಮಗಳಿಗೆ ತಗಡೂರಿನಲ್ಲಿ ಸಂಬಂಧ ಕುದುರಲು ಇನ್ನೂ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ನಾನು ತಾಯಕ್ಕನ ಮುಖ ನೇರವಾಗಿ ನೋಡಲಿಲ್ಲ.

ನನಗೂ ಆ ಕಾಯಿಲೆ ಬಂತು, ಮೂವತ್ತು ದಾಟಿದ ಮೇಲೆ, ಎರಡನೆಯ ಮಗು ಕೈಯಲ್ಲಿದ್ದಾಗ. ಬಾಯಿಗಿಟ್ಟದ್ದು ಬೂದಿಯಾದ ಮೊದಲ ವಾರದಲ್ಲೇ ನಾನು ಗಂಡನಿಗೆ ಹೇಳಿದೆ, ಎರಡನೆಯ ವಾರ ಆಸ್ಪತ್ರೆಯ ಬೆಂಚಿನ ಮೇಲಿದ್ದೆ. ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತ ಡಾಕ್ಟರು ಕೇಳಿದಾಗ, "ನಮ್ಮಪ್ಪನಿಗಿತ್ತು, ವಾಸಿಯಾಯಿತು, ಒಂದು ಸಲ ಮರುಕಳಿಸಿತು, ಮತ್ತೆ ವಾಸಿಯಾಯಿತು" ಅಂತ ಒಂದೇ ಉಸಿರಿನಲ್ಲಿ ಹೇಳಿದೆ. ಹೆದರಿಕೆ ಆಗಲೂ ಇತ್ತು. ಯಾವ ಕಡೆ ಓಡಬೇಕು ಅನ್ನುವುದು ಮಾತ್ರ ಗೊತ್ತಿತ್ತು. ಭಯವೇನೂ ನನ್ನನ್ನು ಪೂರ್ತಿ ಬಿಟ್ಟುಹೋಗಿಲ್ಲ. ಈಗಲೂ ಮನೆಯಲ್ಲಿ ಯಾರಾದರೂ ಹೊತ್ತಲ್ಲದ ಹೊತ್ತಿನಲ್ಲಿ ಮಲಗಿದರೆ ನಾನು ಕೆಲಸ ಬಿಟ್ಟು ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ. ಮಕ್ಕಳು ನಗುತ್ತಾರೆ.

ಅಪ್ಪ ಮಲಗಿದ ಆ ವರ್ಷದ ಇನ್ನೊಂದು ದಿನವನ್ನು ಹೇಳಬೇಕು. ಮಳೆಗಾಲ ಮುಗಿಯುತ್ತಿತ್ತು. ಅಪ್ಪ ಆಗ ದಿನಕ್ಕೆ ಅರ್ಧ ಹೊತ್ತು ಕೆಲಸ ಮಾಡುತ್ತಿದ್ದ, ಬೆಳಿಗ್ಗೆ ಪೂಜೆಗೂ ಕೂರುತ್ತಿದ್ದ. ಅಜ್ಜಿ ಕಳಲೆಗೆ ವಾಪಸು ಹೋಗಿದ್ದಳು. ಶನಿವಾರ ಮಧ್ಯಾಹ್ನ ನಾನು ಸ್ಕೂಲಿನಿಂದ ಬಂದಾಗ ಅಂಗಡಿ ಖಾಲಿಯಿತ್ತು. ಪರದೆ ಸರಿಸಿದರೆ ನಡುಮನೆಯಲ್ಲಿ ಹಾಸಿಗೆ ಹಾಸಿತ್ತು. ಅದರ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದವಳು ಅವ್ವ. ಹಗಲು ಹೊತ್ತಿನಲ್ಲಿ ಅವ್ವ ಮಲಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅಡುಗೆಮನೆಯಲ್ಲಿ ಏನೋ ಸದ್ದಾಯಿತು. ಓಡಿಹೋಗಿ ನೋಡಿದರೆ ಅಪ್ಪ ಒಲೆಯ ಮೇಲೆ ಎಸರಿಟ್ಟು ರಾಗಿ ಹಿಟ್ಟು ಅಳೆಯುತ್ತಿದ್ದ.

"ಮೆಲ್ಲಗೆ. ಅವ್ವ ಮನಗವ್ಳೆ," ಅಂದ.

"ಅವ್ವಂಗೂ ಬಂತಾ ಅಪ್ಪ?"

ಅಪ್ಪ ಹಿಟ್ಟಿನ ಬಟ್ಟಲನ್ನು ಕೆಳಗಿಟ್ಟು ನನ್ನೆದುರು ಕುಕ್ಕರುಗಾಲಲ್ಲಿ ಕೂತ. ಕೈಗೆಲ್ಲ ಹಿಟ್ಟಾಗಿದ್ದರಿಂದ ನನ್ನನ್ನು ಮುಟ್ಟಲಿಲ್ಲ.

"ಇಲ್ಲ ಕಣವ್ವ. ಆ ಮನಗೋದೇ ಬ್ಯಾರೆ, ಇದೇ ಬ್ಯಾರೆ. ನಂಗ್ ಗೊತ್ತು. ಆರು ತಿಂಗ್ಳಿಂದ ಅವ್ಳು ಕಣ್ ಮುಚ್ಚಿಲ್ಲ. ಇದು ಬರೀ ನಿದ್ದೆ."

ನನಗೆ ನಂಬಿಕೆಯಾಗಲಿಲ್ಲ. ಹೋಗಿ ಹಾಸಿಗೆಯ ಪಕ್ಕ ಗೋಡೆಗೊರಗಿ ಕೂತೆ. ಅವ್ವನ ಬೆನ್ನು ಏರಿಳಿಯುವುದನ್ನೇ ನೋಡುತ್ತಿದ್ದೆ. ಬಗ್ಗಿ ನೋಡಿದರೆ ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣಗೆ ಗೊ​ರಕೆ ಬರುತ್ತಿತ್ತು. ಅಪ್ಪನಿಗೆ ಆ ದಿನಗಳಲ್ಲಿ ಗೊರಕೆ ಇರಲಿಲ್ಲ, ಕಣ್ಣು ತೆರೆದೇ ಇರುತ್ತಿತ್ತು. ಅದನ್ನು ನೆನಪಿಸಿಕೊಂಡು ಹೋಲಿಸುತ್ತ ಎಷ್ಟು ಹೊತ್ತು ಕೂತಿದ್ದೆನೋ. ಅವ್ವ ಮಗ್ಗುಲಾದಳು, ಅರ್ಧ ಕಣ್ಣು ಬಿಟ್ಟು ನನ್ನನ್ನು ನೋಡಿದಳು.

"ಯಾಕವ್ವ ಇಲ್ ಕುಂತಿದ್ದೀಯೆ?"

"ಸುಮ್ನೆ."

ಅವಳು ಗೋಡೆಯ ಕಡೆಗೆ ಸರಿದು ಹಾಸಿಗೆಯಲ್ಲಿ ಜಾಗ ಮಾಡಿದಳು. ನಾನು ಯೂನಿಫಾರಂ ಕೂಡ ಬಿಚ್ಚದೆ ಅವಳ ಪಕ್ಕ ಮಲಗಿದೆ. ಐದು ನಿಮಿಷ ಮಾತ್ರ, ಆಮೇಲೆ ಎದ್ದು ಅಪ್ಪನನ್ನು ನೋಡಿಕೊಂಡು ಬರಬೇಕು ಅಂದುಕೊಂಡಿದ್ದೆ. ಅಪ್ಪ ಬಂದು ಭುಜ ಹಿಡಿದು ಅಲ್ಲಾಡಿಸಿ, ಮುದ್ದೆ ಆರಿ ಆಗಲೇ ಬಹಳ ಹೊತ್ತಾಯಿತು ಏಳಿ ಅಂತ ಇಬ್ಬರನ್ನೂ ಎಬ್ಬಿಸಿದಾಗ ದೀಪ ಹಚ್ಚುವ ಹೊತ್ತಾಗಿತ್ತು.